ಮುಯ್ಯಾಳು ಪಾಠ

(ಪ್ರಾಥಮಿಕ ಶಾಲೆಗಳಿಗೆ ಹೊಸದಾಗಿ ನೇಮಕವಾದ ಶಿಕ್ಷಕರ ತರಬೇತಿಯ ಕೊನೆಯ ದಿನ ಆಡಿದ ಮಾತುಗಳ ಬರಹ ರೂಪ)

ಎಲ್ಲರಿಗೂ ನಮಸ್ಕಾರ. ಇವತ್ತು ಮಾತಾಡಲು ನನಗೆ ಕೊಟ್ಟ ವಿಷಯ ಕೂಡಿ ಕೆಲಸ ಮಾಡುವುದು, ಮಗುವಿನ ಬಗ್ಗೆ ಒಳ್ಳೆಯ ಭರವಸೆ ಇಟ್ಟುಕೊಳ್ಳುವುದು, ಮನುಷ್ಯರ ನಡುವಿನ ನಂಟು. ಮೂರೂ ದೊಡ್ಡ ಮಾತುಗಳೇ. ಒಂದೊಂದನ್ನೇ ಬಿಡಿಸಿ ಹೇಳಲು ನನಗೆ ಬರುವುದಿಲ್ಲ. ತರಗತಿಯಲ್ಲಿ ಅವು ಬೇರೆ ಬೇರೆಯಾಗಿ ಇದ್ದದ್ದನ್ನು ನಾನು ನೋಡಿಯೂ ಇಲ್ಲ. ಅದಕ್ಕೇ ನಾಲ್ಕು ಅಕ್ಷರಗಳಿಂದ ಶುರು ಮಾಡುತ್ತೇನೆ. ರ, ಗ, ಸ, ದ.

ನಗುತ್ತಿದ್ದೀರಿ. ಸಣ್ಣ ಮಕ್ಕಳು ಕಾರ್ಡು ಹಿಡಿದು ಗುಂಪಿನಲ್ಲಿ ಕೂತು ಕಲಿಯುವ ನಲಿ-ಕಲಿ ಪದ್ಧತಿಯಲ್ಲಿ ಮೊದಲು ಬರುವ ಅಕ್ಷರಗಳು ಇವು. ನಿಮ್ಮಲ್ಲಿ ಕೆಲವರು ಅದರಲ್ಲೇ ಅಕ್ಷರ ಕಲಿತವರು ಇರಬೇಕು. ನಾನು ಕಲಿತದ್ದು ಅ, ಆ, ಇ, ಈ. ಸ್ವರ ಎಲ್ಲ ಮುಗಿಯಬೇಕು, ಆಮೇಲೆ ಕ, ಖ, ಗ, ಘ. ಆಮೇಲೆ ಕಾಗುಣಿತ. ಸ್ಲೇಟು ತುಂಬ ತಿದ್ದಿ ತಿದ್ದಿ ತಿಂಗಳುಗಟ್ಟಲೆ ಕಳೆದ ಮೇಲೆ ಒಂದು ಪದ ಓದಲು ಸಿಗುತ್ತಿತ್ತು. ಅಷ್ಟರೊಳಗೆ ಎಷ್ಟು ಮಕ್ಕಳು 'ನನ್ನ ಕೈಲಿ ಆಗಲ್ಲ' ಎಂದು ಮನಸ್ಸಿನಲ್ಲೇ ತೀರ್ಮಾನ ಮಾಡಿಕೊಂಡು ಬಿಡುತ್ತಿದ್ದರೋ.

ರ, ಗ, ಸ ಈ ಮೂರೇ ಅಕ್ಷರ ಬಂದರೆ ಮಗು 'ಸರ' ಓದುತ್ತದೆ. 'ರಸ' ಓದುತ್ತದೆ. 'ಸರಸರ', 'ಗರಗರ' ಓದಿ ತಾನೇ ನಗುತ್ತದೆ. 'ಗರಗಸ' ಓದಿದ ದಿನ ಅದರ ಮುಖ ನೋಡಬೇಕು ನೀವು. ಎಷ್ಟು ಉದ್ದದ ಪದ! 'ದ' ಸೇರಿದರೆ 'ದರ', 'ಅ' ಸೇರಿದರೆ 'ಅರಸ', 'ಅಗಸ'. ಶಾಲೆಗೆ ಸೇರಿದ ಕೆಲವೇ ದಿನಕ್ಕೆ ಮಗು ಮನೆಗೆ ಹೋಗಿ 'ಅವ್ವ, ನಾನು ಓದ್ತೀನಿ' ಎಂದು ಹೇಳಬಹುದು. ಮಗುವಿಗೆ ಧೈರ್ಯ ತುಂಬಬೇಕು ಎಂದು ನಾವೆಲ್ಲ ಭಾಷಣದಲ್ಲಿ ಹೇಳುತ್ತೇವೆ. ಆ ಧೈರ್ಯವನ್ನು ಯಾರೋ ಅಕ್ಷರಗಳ ಜೋಡಣೆಯಲ್ಲೇ ಇಟ್ಟರಲ್ಲ, ಅವರ ಬಗ್ಗೆ ನನಗೆ ಇವತ್ತಿಗೂ ಗೌರವ.

ನಾನು ಕೆಲಸಕ್ಕೆ ಸೇರಿದ್ದು 1998ರಲ್ಲಿ. ಮೈಸೂರು ಜಿಲ್ಲೆಯ ಒಂದು ಸಣ್ಣ ಊರು. ಇಬ್ಬರು ಶಿಕ್ಷಕರು, ಐದು ತರಗತಿ, ಎರಡು ಕೋಣೆ. ಮೊದಲ ವರ್ಷ ನಾನು ಮಾಡಿದ ಒಂದು ಕೆಲಸವನ್ನು ನಿಮಗೆ ಹೇಳಲೇಬೇಕು. ಮಕ್ಕಳನ್ನು ಎರಡು ಸಾಲು ಮಾಡಿ ಕೂರಿಸಿದೆ. ಓದಲು ಬರುವವರು ಈ ಕಡೆ, ಬಾರದವರು ಆ ಕಡೆ. ಬಾರದವರಿಗೆ ಜಾಸ್ತಿ ಗಮನ ಕೊಡಬಹುದು ಎನ್ನುವುದು ನನ್ನ ಲೆಕ್ಕ. ಕೆಟ್ಟ ಉದ್ದೇಶ ಇರಲಿಲ್ಲ. ಆದರೆ ಒಂದು ವಾರದಲ್ಲಿ ಮಕ್ಕಳೇ ಆ ಸಾಲಿಗೆ ಹೆಸರಿಟ್ಟರು: ದಡ್ಡರ ಸಾಲು. ಆ ಸಾಲಿನ ಕೊನೆಯಲ್ಲಿ ಕೂರುತ್ತಿದ್ದ ಒಬ್ಬ ಹುಡುಗ ದಸರಾ ರಜೆ ಮುಗಿದ ಮೇಲೆ ಬರಲಿಲ್ಲ. ಮನೆಗೆ ಹೋದೆ. ಅವನು ಹಟ್ಟಿಯ ಹಿಂದೆ ಹೋಗಿ ನಿಂತುಕೊಂಡ. 'ಬರ್ತೀನಿ ಮಿಸ್' ಎಂದ. ಬರಲಿಲ್ಲ. ಅವನ ಅಕ್ಕಪಕ್ಕ ಕೂತಿದ್ದವರಿಗೂ ಏನೂ ಬರುತ್ತಿರಲಿಲ್ಲ. ಕೇಳಿಕೊಳ್ಳಲು ಅವನಿಗೆ ಯಾರೂ ಇರಲಿಲ್ಲ, ನನ್ನನ್ನು ಬಿಟ್ಟರೆ. ನಾನು ಐದು ತರಗತಿಗೆ ಓಡಾಡುತ್ತಿದ್ದೆ.

ಹೆಗ್ಗಡದೇವನಕೋಟೆ ತಾಲ್ಲೂಕಿನ ಬಗ್ಗೆ ಆಗಲೇ ಕೇಳಿದ್ದೆ. ನಮ್ಮ ಕಡೆ ಸುಮ್ನೆ ಕೋಟೆ ಎನ್ನುತ್ತೇವೆ. ಒಂದು ಕಡೆ ಕಬಿನಿ ಹಿನ್ನೀರು, ಒಂದು ಕಡೆ ನಾಗರಹೊಳೆ, ಬಂಡೀಪುರದ ಕಾಡಂಚು. ಜೇನುಕುರುಬರು, ಕಾಡುಕುರುಬರು, ಯರವರು ಇರುವ ಹಾಡಿಗಳು. ಒಂದೊಂದು ಶಾಲೆಯಲ್ಲಿ ಒಬ್ಬರೋ ಇಬ್ಬರೋ ಶಿಕ್ಷಕರು. 1995ರಲ್ಲಿ ಆ ತಾಲ್ಲೂಕಿನ ಕೆಲವು ಶಿಕ್ಷಕರು ಆಂಧ್ರದ ಮದನಪಲ್ಲಿ ಹತ್ತಿರ ಇರುವ ರಿಷಿ ವ್ಯಾಲಿಗೆ ಹೋಗಿ ಬಂದರು. ಜೆ. ಕೃಷ್ಣಮೂರ್ತಿಯವರಿಂದ ಶುರುವಾದ ಶಾಲೆ ಅದು. ಅದರ ಸುತ್ತಲಿನ ಹಳ್ಳಿಗಳಲ್ಲಿ ಪದ್ಮನಾಭ ರಾವ್ ಮತ್ತು ರಮಾ ದಂಪತಿ ಸಣ್ಣ ಸಣ್ಣ ಶಾಲೆಗಳನ್ನು ಕಟ್ಟಿದ್ದರು. ಒಂದೇ ಕೋಣೆ, ಬೇರೆ ಬೇರೆ ವಯಸ್ಸಿನ ಮಕ್ಕಳು, ಕಾರ್ಡು ಹಿಡಿದು ಗುಂಪಿನಲ್ಲಿ ಕೂತು ತಮ್ಮ ಪಾಡಿಗೆ ಕಲಿಯುತ್ತಿದ್ದರು. ಕೋಟೆಯ ಶಿಕ್ಷಕರು ಅದನ್ನು ನೋಡಿ ಬಂದರು. ಯುನಿಸೆಫ್ ನೆರವು ಸಿಕ್ಕಿತು. ಕನ್ನಡಕ್ಕೆ ಹೊಂದುವ ಹಾಗೆ, ತಮ್ಮ ಮಕ್ಕಳಿಗೆ ಹೊಂದುವ ಹಾಗೆ, ಕಾರ್ಡುಗಳನ್ನು ತಾವೇ ಕೂತು ಮಾಡಿದರು. ನಲಿ-ಕಲಿ ಹುಟ್ಟಿದ್ದು ಹೀಗೆ. ಹಳ್ಳಿ ಶಾಲೆಯ ಶಿಕ್ಷಕರು ಸೇರಿಕೊಂಡು ಇದನ್ನು ಕಟ್ಟಿದರು ಎನ್ನುವುದನ್ನು ದಯವಿಟ್ಟು ಮರೆಯಬೇಡಿ.

ಆ ಕೆಲಸದಲ್ಲಿ ಇದ್ದ ಒಬ್ಬರು ಹಿರಿಯ ಶಿಕ್ಷಕಿಯ ಶಾಲೆಗೆ ನಾನೊಮ್ಮೆ ಹೋದೆ. ಕುರ್ಚಿ ಹುಡುಕಿದೆ. ಇರಲಿಲ್ಲ. 'ಕೂತ್ಕೊಳ್ಳಿ' ಎಂದು ನೆಲ ತೋರಿಸಿದರು. ಮಕ್ಕಳ ಎತ್ತರಕ್ಕೆ ಇಳಿದು ಕೂತ ಮೇಲೆ ನನಗೆ ಕಂಡದ್ದೇ ಬೇರೆ. ಒಂದು ಮಗು ಗೋಡೆಯ ಮೇಲಿನ ಕಲಿಕಾ ಏಣಿ ನೋಡಿತು. ಕಲಿಯಬೇಕಾದದ್ದನ್ನು ಮೆಟ್ಟಿಲು ಮೆಟ್ಟಿಲಾಗಿ ತೋರಿಸುವ ಪಟ ಅದು. ತನ್ನ ಮೆಟ್ಟಿಲು ಯಾವುದು ಎಂದು ಬೆರಳಿಟ್ಟು ಹುಡುಕಿತು. ಆ ಮೆಟ್ಟಿಲಿನ ಚಿತ್ರ ಇರುವ ಕಾರ್ಡನ್ನು ತೆಗೆದುಕೊಂಡಿತು. ಹೋಗಿ ತನ್ನ ತಟ್ಟೆಯಲ್ಲಿ ಕೂತಿತು. ಗುಂಪಿಗೆ ನಾವು ತಟ್ಟೆ ಎನ್ನುತ್ತೇವಲ್ಲ, ಅದು. ಹೊಸದಾಗಿ ಕಲಿಯುವವರು ಶಿಕ್ಷಕರ ಪಕ್ಕದ ತಟ್ಟೆಯಲ್ಲಿ. ಸ್ವಲ್ಪ ಬಂದ ಮೇಲೆ ಸಹಪಾಠಿಗಳ ತಟ್ಟೆಗೆ. ಪೂರ್ತಿ ಬಂದ ಮೇಲೆ ಸ್ವಕಲಿಕೆಗೆ. ಶಿಕ್ಷಕಿ ಎಲ್ಲಿದ್ದಾರೆ ಎಂದು ಹೊರಗಿನವರು ಹುಡುಕಬೇಕಾಗುತ್ತಿತ್ತು. ಮಕ್ಕಳ ನಡುವೆ ಎಲ್ಲೋ ಒಂದು ಕಡೆ ಕೂತಿರುತ್ತಿದ್ದರು.

ನಾವೂ ಶುರು ಮಾಡಿದೆವು. ನನ್ನ ಜತೆಗಿದ್ದ ಹೆಡ್ ಮೇಷ್ಟ್ರು ಒಪ್ಪಲಿಲ್ಲ. ಅವರದು ಹಳೆಯ ಕಾಲದ ಶಿಸ್ತು. ಮಗ್ಗಿ ಬಾಯಿಗೆ ಬರಬೇಕು, ಅಕ್ಷರ ದುಂಡಗಿರಬೇಕು. 'ಇದೇನಮ್ಮ, ಸಂತೆ ಇದ್ದಂಗೆ ಇದೆ' ಎಂದರು. ನಾವಿಬ್ಬರೂ ಕೊನೆವರೆಗೂ ಎಲ್ಲ ವಿಷಯದಲ್ಲಿ ಒಮ್ಮತಕ್ಕೆ ಬರಲಿಲ್ಲ. ಆದರೂ ಹನ್ನೊಂದು ವರ್ಷ ಒಟ್ಟಿಗೆ ಕೆಲಸ ಮಾಡಿದೆವು, ಚೆನ್ನಾಗಿಯೇ ಮಾಡಿದೆವು. ಅವರಿಗೆ ಗೊತ್ತಿದ್ದದ್ದು ನನಗೆ ಗೊತ್ತಿರಲಿಲ್ಲ. ಯಾವ ಮನೆಯಲ್ಲಿ ಯಾರಿಗೆ ಹುಷಾರಿಲ್ಲ, ಯಾರ ಅಪ್ಪ ಸಾಲ ಮಾಡಿ ಊರು ಬಿಟ್ಟಿದ್ದಾನೆ, ಯಾವ ಮಗು ಅಜ್ಜಿ ಹತ್ತಿರ ಮಲಗುತ್ತದೆ, ಎಲ್ಲ ಅವರ ತಲೆಯಲ್ಲಿತ್ತು. ದಿನಾ ಬೆಳಿಗ್ಗೆ ಪ್ರಾರ್ಥನೆಗೆ ಮೊದಲು ಐದು ನಿಮಿಷ ಹುಣಸೆ ಮರದ ಕೆಳಗೆ ನಿಂತು ಇದನ್ನೆಲ್ಲ ಹೇಳುತ್ತಿದ್ದರು. ನಾನು ಹಿಂದಿನ ದಿನ ಯಾವ ಮಗು ಯಾವ ಮೆಟ್ಟಿಲಲ್ಲಿ ನಿಂತಿದೆ ಎಂದು ಹೇಳುತ್ತಿದ್ದೆ. ಕಾರಣ ಅವರ ಹತ್ತಿರ ಇರುತ್ತಿತ್ತು. ತಂಡ ಎಂದರೆ ನನಗೆ ನೆನಪಾಗುವುದು ಆ ಐದು ನಿಮಿಷ. ಒಂದೇ ಅಭಿಪ್ರಾಯ ಇರುವವರು ಸಿಗಲಿ ಎಂದು ಕಾಯುತ್ತಾ ಕೂರಬೇಡಿ. ಇಬ್ಬರು ಶಿಕ್ಷಕರ ಶಾಲೆಯಲ್ಲಿ ನಿಮಗೆ ಸಿಗುವುದು ಒಬ್ಬರೇ.

ಅಪ್ಪ ಅಮ್ಮಂದಿರ ತಕರಾರು ಬೇರೆ ಇತ್ತು. ಪುಸ್ತಕ ಯಾಕಿಲ್ಲ ಎನ್ನುವುದು ಒಂದು. ಅದಕ್ಕಿಂತ ಗಟ್ಟಿಯಾದದ್ದು ಇನ್ನೊಂದು. ಊರಿನ ಅಪ್ಪ ಅಮ್ಮಂದಿರು ಇರುವ ಶಾಲಾಭಿವೃದ್ಧಿ ಸಮಿತಿಯ, ಅಂದರೆ ಎಸ್‌ಡಿಎಂಸಿಯ, ಸಭೆಯಲ್ಲಿ ಒಬ್ಬರು ಎದ್ದು ನಿಂತರು. ಅವರ ಮಗಳು ಚುರುಕು. ಏಣಿಯಲ್ಲಿ ಎಲ್ಲರಿಗಿಂತ ಮೇಲೆ ಇದ್ದಳು. 'ನನ್ ಮಗೀಗೆ ಕಲಿಸ್ಲಿ ಅಂತ ಕಳ್ಸುದ್ರೆ, ಅವಳು ಊರ ಮಕ್ಕಳಿಗೆಲ್ಲ ಪಾಠ ಹೇಳ್ಕಂಡು ಕೂತವ್ಳೆ. ಸಂಬಳ ಯಾರು ತಗೊಳ್ಳಾದು ಮೇಡಮ್ಮೋರೇ?' ಎಂದು ಕೇಳಿದರು. ನ್ಯಾಯವಾದ ಪ್ರಶ್ನೆ. ನಾನು ತರಬೇತಿಯಲ್ಲಿ ಕೇಳಿದ್ದನ್ನೆಲ್ಲ ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಮೂಲೆಯಲ್ಲಿ ಕೂತಿದ್ದ ಒಬ್ಬ ಯಜಮಾನರು ಹೇಳಿದರು: 'ನಾಟಿ ಟೈಮಲ್ಲಿ ನೀನು ಮುಯ್ಯಾಳು ಹೋಗಲ್ವೇನ್ಲಾ? ಇವತ್ತು ಅವರ ಗದ್ದೇಲಿ ನೀನು, ನಾಳೀಕೆ ನಿನ್ ಗದ್ದೇಲಿ ಅವರು. ಆವಾಗ ಯಾರ ಹತ್ರ ಸಂಬಳ ಈಸ್ಕತೀಯ?'

ಸಭೆಯಲ್ಲಿ ಎಲ್ಲರೂ ಸುಮ್ಮನಾದರು. ನಾನೂ ಸುಮ್ಮನಾದೆ. ನನಗೆ ಅಲ್ಲಿಯವರೆಗೆ ಅರ್ಥವಾಗದೆ ಇದ್ದದ್ದು ಆ ಒಂದು ಮಾತಿನಲ್ಲಿ ಅರ್ಥವಾಯಿತು.

ಮುಯ್ಯಾಳಿನಲ್ಲಿ ಉಪಕಾರ ಇಲ್ಲ ನೋಡಿ. ನಿನಗೆ ಸಹಾಯ ಮಾಡಿದೆ ಎಂದು ಯಾರೂ ಹೇಳಿಕೊಳ್ಳುವುದಿಲ್ಲ. ಇವತ್ತು ನಾನು ಬಂದೆ, ನಾಳೆ ನೀನು ಬರುತ್ತೀಯ, ಅಷ್ಟೇ. ಬರದವನ ಗದ್ದೆಗೆ ಯಾರೂ ಹೋಗುವುದಿಲ್ಲ, ಆ ಲೆಕ್ಕವೂ ಗಟ್ಟಿ. ಸಹಪಾಠಿ ತಟ್ಟೆಯಲ್ಲಿ ಇದೇ ನಡೆಯಬೇಕು. ಚುರುಕಾದ ಮಗು ಯಾವಾಗಲೂ ಹೇಳಿಕೊಡುವುದು, ಉಳಿದವರು ಯಾವಾಗಲೂ ಕೇಳುವುದು ಎಂದಾದರೆ ಅದು ಮತ್ತೆ ನನ್ನ ಎರಡು ಸಾಲೇ ಆಗುತ್ತದೆ. ಹಾಗಾಗಿ ಆಮೇಲೆ ನಾನು ಒಂದು ವಿಷಯ ಗಮನಿಸತೊಡಗಿದೆ. ಪ್ರತಿ ಮಗುವೂ ವಾರಕ್ಕೆ ಒಮ್ಮೆಯಾದರೂ ಇನ್ನೊಂದು ಮಗುವಿಗೆ ಏನಾದರೂ ಹೇಳಿಕೊಟ್ಟಿದೆಯಾ? ಓದಲು ಬಾರದ ಹುಡುಗನಿಗೆ ಹಕ್ಕಿಯ ಗೂಡು ಹುಡುಕಲು ಬರುತ್ತದೆ. ಪರಿಸರದ ಪಾಠದ ದಿನ ಅವನೇ ಮೇಷ್ಟ್ರು. ಆ ಚುರುಕು ಹುಡುಗಿ ಅವತ್ತು ಅವನ ಹಿಂದೆ ಕೈ ಕಟ್ಟಿಕೊಂಡು ನಡೆದಳು. ಅವಳಿಗೂ ಅದು ಬೇಕಿತ್ತು, ಅಲ್ವಾ?

ಇನ್ನೊಂದು ಮಗುವಿನ ಬಗ್ಗೆ ಹೇಳುತ್ತೇನೆ. ಹೆಸರು ಬೇಡ. ಈಗ ಅವಳಿಗೇ ಮಗು ಇದೆ. ಹಾಡಿಯಿಂದ ಬರುತ್ತಿದ್ದಳು. ಮನೆಯಲ್ಲಿ ಜೇನುಕುರುಬ ಮಾತು. ನಾಲ್ಕು ತಿಂಗಳು ಒಂದು ಮಾತೂ ಆಡಲಿಲ್ಲ. ಹಾಡು ಹೇಳಿಸಿದೆ, ಬೊಂಬೆ ಕೊಟ್ಟೆ, ಪಕ್ಕದಲ್ಲಿ ಕೂರಿಸಿಕೊಂಡೆ. ಏನೂ ಇಲ್ಲ. ನನಗೆ ಭಯ ಶುರುವಾಯಿತು. ಹುಟ್ಟಿನಿಂದಲೇ ಮಾತು ಬರುವುದಿಲ್ಲವೇನೋ ಎಂದು ಹೆಡ್ ಮೇಷ್ಟ್ರ ಹತ್ತಿರ ಹೇಳಿದೆ. ಅವರು ಹಾಡಿಗೆ ಹೋಗಿ ಬಂದು, 'ಅಲ್ಲಿ ಅವಳ ಬಾಯಿ ಮುಚ್ಸೋಕಾಗಲ್ಲ ಕಣಮ್ಮ' ಎಂದರು. ಸರಿ, ಅದೇ ಹಾಡಿಯ ಎರಡನೇ ತರಗತಿಯ ಒಂದು ಹುಡುಗಿಯ ಪಕ್ಕ ಅವಳನ್ನು ಕೂರಿಸಿದೆವು. ಇಬ್ಬರೂ ಕಾರ್ಡಿಗೆ ತಲೆ ಬಾಗಿಸಿ ತಮ್ಮ ಮಾತಿನಲ್ಲಿ ಪಿಸುಗುಟ್ಟಿದರು. ಏನು ಹೇಳಿಕೊಂಡರೋ ನನಗೆ ಇವತ್ತಿಗೂ ಗೊತ್ತಿಲ್ಲ. ನಾನು ಹತ್ತಿರ ಹೋಗಲಿಲ್ಲ. ಹೋದರೆ ನಿಲ್ಲಿಸಿಬಿಡುತ್ತಾರೆ ಎಂದು ಭಯ. ಒಂಬತ್ತು ದಿನದ ಮೇಲೆ ಅವಳು ನನ್ನ ಹತ್ತಿರ ಬಂದು ಕಾರ್ಡು ತೋರಿಸಿ 'ಸರ' ಎಂದಳು. ನನ್ನ ಕತ್ತಿನ ಸರ ಮುಟ್ಟಿ ಮತ್ತೆ 'ಸರ' ಎಂದಳು.

ಒಂದು ಮಗುವಿಗೆ ನನ್ನಿಂದ ಆಗುತ್ತದೆ ಎನ್ನುವ ನಂಬಿಕೆ ಎಲ್ಲಿಂದ ಬರುತ್ತದೆ ಎಂದು ಆಮೇಲೆ ತುಂಬ ಸಲ ಯೋಚಿಸಿದ್ದೇನೆ. ಮನೆಯಿಂದ ಚೀಲದಲ್ಲಿ ಹಾಕಿಕೊಂಡು ಬರುವಂಥದ್ದಲ್ಲ. ಪಕ್ಕದಲ್ಲಿ ಕೂತವರಿಂದ ಸಿಗುತ್ತದೆ. ಅದಕ್ಕೇ ಯಾರ ಪಕ್ಕ ಯಾರು ಕೂರುತ್ತಾರೆ ಎನ್ನುವುದು ನಮ್ಮ ಕೆಲಸದಲ್ಲಿ ಸಣ್ಣ ವಿಷಯ ಅಲ್ಲವೇ ಅಲ್ಲ.

ಏಣಿಯ ಬಗ್ಗೆಯೂ ಒಂದು ಮಾತು. ನಮ್ಮ ಕಡೆ ಕಾಫಿ ಕೊಯ್ಲು ಬಂದರೆ ಎಷ್ಟೋ ಮನೆಗಳು ಬೀಗ ಹಾಕಿಕೊಂಡು ಕೊಡಗಿನ ತೋಟಗಳಿಗೆ ಹೋಗುತ್ತವೆ. ಮಕ್ಕಳೂ ಜತೆಗೆ. ತಿಂಗಳು, ಒಂದೂವರೆ ತಿಂಗಳು. ಹಿಂದೆಲ್ಲ ಆ ಮಗು ವಾಪಸ್ ಬರುವಷ್ಟರಲ್ಲಿ ಪಾಠ ಎಲ್ಲೋ ಹೋಗಿರುತ್ತಿತ್ತು. ನಾಲ್ಕು ದಿನ ಕೂತು, ಏನೂ ತಿಳಿಯದೆ, ಐದನೇ ದಿನ ಬಿಡುತ್ತಿತ್ತು. ಏಣಿ ಬಂದ ಮೇಲೆ ಮಗು ಬಂದು ಗೋಡೆ ನೋಡುತ್ತದೆ. ತಾನು ಬಿಟ್ಟು ಹೋದ ಮೆಟ್ಟಿಲು ಅಲ್ಲೇ ಇದೆ. 'ಎಲ್ಲಿಗೆ ಹೋಗಿದ್ದೆ' ಎಂದು ಯಾರೂ ಗದರಿಸುವುದಿಲ್ಲ. ಕಾರ್ಡು ತೆಗೆದುಕೊಂಡು ಕೂರುತ್ತದೆ. ಒಳ್ಳೆಯ ಮನೋಭಾವ ಎಂದರೆ ನಗುಮುಖ ಹಾಕಿಕೊಂಡು ಇರುವುದು ಎಂದು ನೀವು ಅಂದುಕೊಂಡಿದ್ದರೆ, ಈ ಮಗುವನ್ನು ನೆನಪಿಟ್ಟುಕೊಳ್ಳಿ. ಅದಕ್ಕೆ ಬೇಕಾದದ್ದು ಅದರ ಮೆಟ್ಟಿಲು ಅಲ್ಲೇ ಇರುವುದು. ನೀವು ಸಿಡುಕು ಮುಖದಲ್ಲಿದ್ದ ದಿನವೂ ಆ ಮೆಟ್ಟಿಲು ಅಲ್ಲಿರಬೇಕು.

2009-10ರಲ್ಲಿ ನಲಿ-ಕಲಿ ರಾಜ್ಯದ ಎಲ್ಲ ಸರ್ಕಾರಿ ಕನ್ನಡ ಶಾಲೆಗಳ ಒಂದು, ಎರಡನೇ ತರಗತಿಗೆ ಬಂತು. ಮುಂದೆ ಮೂರನೇ ತರಗತಿಗೂ. ನನಗೆ ಸಂತೋಷವಾಯಿತು, ನೋವೂ ಆಯಿತು. ಕಾರ್ಡುಗಳ ಪೆಟ್ಟಿಗೆ ಎಲ್ಲ ಶಾಲೆಗೂ ಬಂತು. ಆದರೆ ಆ ಕಾರ್ಡು ಮಾಡಲು ಕೂತ ಶಿಕ್ಷಕರ ಸಂಜೆಗಳು ಬರಲಿಲ್ಲ. ಅವರು ಪಟ್ಟ ಜಗಳ, ಅಳಿಸಿ ಬರೆದದ್ದು, 'ನನ್ನ ಮಕ್ಕಳಿಗೆ ಇದು ತಿಳಿಯಲ್ಲ' ಎಂದು ಹಟ ಹಿಡಿದದ್ದು ಯಾವುದೂ ಪೆಟ್ಟಿಗೆಯಲ್ಲಿ ಇರಲಿಲ್ಲ. ಕೆಲವು ಕಡೆ ಕಾರ್ಡು ಬೀರುವಿನಲ್ಲೇ ಉಳಿಯಿತು. ಶಿಕ್ಷಕರನ್ನು ನಾನು ದೂರುವುದಿಲ್ಲ. ಬೇರೆಯವರು ಅಟ್ಟು ಕಳಿಸಿದ ಊಟ ಎಷ್ಟು ಚೆನ್ನಾಗಿದ್ದರೂ, ಬಡಿಸುವವರಿಗೆ ಅದರ ಉಪ್ಪು ಹುಳಿ ಗೊತ್ತಿರಬೇಕು.

ಇದಕ್ಕೆ ನಾವು ನಮ್ಮ ಕ್ಲಸ್ಟರ್‌ನಲ್ಲಿ, ಅಂದರೆ ಅಕ್ಕಪಕ್ಕದ ಶಾಲೆಗಳ ಗುಂಪಿನಲ್ಲಿ, ಒಂದು ಸಣ್ಣ ಕೆಲಸ ಮಾಡಿದೆವು. ತಿಂಗಳ ಸಮಾಲೋಚನಾ ಸಭೆ ಇರುತ್ತದಲ್ಲ, ಅದರಲ್ಲಿ ಮಾಹಿತಿ ಕೊಡುವುದು, ಮಾಹಿತಿ ತುಂಬುವುದು, ಇದೇ ಜಾಸ್ತಿ. ನಾವು ಕ್ಲಸ್ಟರ್ ನೋಡಿಕೊಳ್ಳುವ ಸಿಆರ್‌ಪಿಯವರನ್ನು ಕೇಳಿಕೊಂಡು ಮುಕ್ಕಾಲು ಗಂಟೆ ಬೇರೆ ಇಟ್ಟುಕೊಂಡೆವು. ಆ ಹೊತ್ತಿನಲ್ಲಿ ಒಬ್ಬ ಶಿಕ್ಷಕರು ಒಂದು ಮಗುವಿನ ವಿಷಯ ಹೇಳಬೇಕು. ಉಳಿದವರು ಮೊದಲು ಪರಿಹಾರ ಹೇಳಬಾರದು, ಪ್ರಶ್ನೆ ಮಾತ್ರ ಕೇಳಬೇಕು. ಈ ನಿಯಮ ಪಾಲಿಸುವುದು ಎಷ್ಟು ಕಷ್ಟ ಎಂದರೆ, ನಾವೆಲ್ಲ ಮೇಷ್ಟ್ರುಗಳಲ್ವಾ, ಉತ್ತರ ನಾಲಿಗೆ ತುದಿಯಲ್ಲೇ ಇರುತ್ತದೆ. ಒಮ್ಮೆ ಒಬ್ಬರು ತಮ್ಮ ಶಾಲೆಯ ಹುಡುಗ ಅಕ್ಷರಗಳನ್ನು ತಿರುಗುಮುರುಗು ಬರೆಯುತ್ತಾನೆ ಎಂದು ಹೇಳಿದರು. 'ಅವನು ಎಲ್ಲಿ ಕೂತು ಬರೀತಾನೆ?' ಎಂದು ಯಾರೋ ಕೇಳಿದರು. 'ನನ್ನ ಎದುರಿಗೆ' ಎಂದವರೇ ಅವರು ಅರ್ಧಕ್ಕೆ ನಿಂತರು. ಸ್ಲೇಟನ್ನು ಅವರು ಎದುರಿನಿಂದ ಹಿಡಿದು ಬರೆದು ತೋರಿಸುತ್ತಿದ್ದರು. ಹುಡುಗ ತಲೆಕೆಳಗಾದ ಅಕ್ಷರವನ್ನೇ ನೋಡುತ್ತಿದ್ದ. ಮಾರನೇ ದಿನದಿಂದ ಅವನ ಪಕ್ಕದಲ್ಲಿ ಕೂತರು.

ಅಡುಗೆಯವರನ್ನು ಬಿಟ್ಟು ನಾನು ಶಾಲೆಯ ಮಾತು ಮುಗಿಸಲಾರೆ. ಮಧ್ಯಾಹ್ನದ ಬಿಸಿಯೂಟದ ಅಕ್ಷರ ದಾಸೋಹ 2002ರಲ್ಲಿ ಈಶಾನ್ಯ ಕರ್ನಾಟಕದ ಏಳು ಜಿಲ್ಲೆಗಳಲ್ಲಿ ಶುರುವಾಗಿ ಮಾರನೇ ವರ್ಷ ನಮ್ಮ ಕಡೆಗೂ ಬಂತು. ನಮ್ಮ ಶಾಲೆಯ ಅಡುಗೆಯ ಅಕ್ಕನಿಗೆ ಓದು ಬರಹ ಇಲ್ಲ. ಆದರೆ ಅವರು ನೋಡುವ ಹಾಗೆ ನಾನು ಮಕ್ಕಳನ್ನು ನೋಡಿದ್ದೇನಾ ಎಂದು ಅನುಮಾನ. ಒಂದು ದಿನ ಬಂದು, 'ಅವನು ಇವತ್ತು ಮೂರು ಸಲ ಅನ್ನ ಹಾಕಿಸ್ಕಂಡ ಮಿಸ್. ಮನೇಲಿ ಒಲೆ ಹಚ್ಚಿಲ್ಲ ಅನ್ಸುತ್ತೆ' ಎಂದರು. ನಿಜವಾಗಿತ್ತು. ಅವನ ತಾಯಿ ಆಸ್ಪತ್ರೆಯಲ್ಲಿದ್ದರು. ಅವತ್ತು ಬೆಳಿಗ್ಗೆ ಪಾಠಕ್ಕೆ ಗಮನ ಕೊಡುತ್ತಿಲ್ಲ ಎಂದು ನಾನು ಅವನಿಗೆ ಬೈದಿದ್ದೆ. ನೀವು ಹೋಗುವ ಶಾಲೆಯಲ್ಲಿ ಅಡುಗೆಮನೆಯ ಬಾಗಿಲಲ್ಲಿ ದಿನಕ್ಕೆ ಒಮ್ಮೆ ನಿಂತು ಮಾತಾಡಿ.

ಈಗ 2020ಕ್ಕೆ ಬರುತ್ತೇನೆ. ಮಾರ್ಚ್‌ನಲ್ಲಿ ಶಾಲೆ ಮುಚ್ಚಿತು. ಫೋನಿನಲ್ಲಿ ಪಾಠ ಎಂದರು. ನಮ್ಮ ಮಕ್ಕಳ ಮನೆಯಲ್ಲಿ ಫೋನು ಇದ್ದರೆ ಅದು ಅಪ್ಪನ ಜೇಬಿನಲ್ಲಿ, ಅಪ್ಪ ಹೊಲದಲ್ಲಿ. ಆಗಸ್ಟ್‌ನಲ್ಲಿ ವಿದ್ಯಾಗಮ ಎನ್ನುವ ಯೋಜನೆ ಬಂತು. ಶಾಲೆಗೆ ಮಕ್ಕಳು ಬರುವಂತಿಲ್ಲ, ನಾವೇ ಊರೊಳಗೆ ಹೋದೆವು. ಅರಳಿಕಟ್ಟೆ, ದೇವಸ್ಥಾನದ ಜಗಲಿ, ಯಾರದೋ ಕಣ. ಇಷ್ಟು ವರ್ಷ ಮಕ್ಕಳು ನಮ್ಮ ಜಾಗಕ್ಕೆ ಬರುತ್ತಿದ್ದರು. ಈಗ ನಾವು ಅವರ ಜಾಗದಲ್ಲಿ. ಅಜ್ಜಿಯರು ಬಂದು ಹಿಂದೆ ಕೂರುತ್ತಿದ್ದರು. ಅಪ್ಪಂದಿರು ಹೊಲಕ್ಕೆ ಹೋಗುವಾಗ ನಿಂತು ನೋಡುತ್ತಿದ್ದರು. ನನ್ನ ಸೇವೆಯಲ್ಲಿ ಊರು ಅಷ್ಟು ಹತ್ತಿರ ಬಂದದ್ದು ಬೇರೆ ಯಾವಾಗಲೂ ಇಲ್ಲ. ಆದರೆ ಸೋಂಕು ಹೆಚ್ಚಿತು. ಶಿಕ್ಷಕರಿಗೆ, ಮಕ್ಕಳಿಗೆ ಬರತೊಡಗಿತು. ಅಕ್ಟೋಬರ್‌ನಲ್ಲಿ ಅದನ್ನು ನಿಲ್ಲಿಸಿದರು. ನಿಲ್ಲಿಸಬೇಕಾಗಿತ್ತು, ನಾನು ಇಲ್ಲ ಎನ್ನುವುದಿಲ್ಲ.

ಆದರೆ ಕೊನೆಯ ದಿನ ಮಕ್ಕಳಿಗೆ ನಾಳೆಯಿಂದ ಬರುವುದಿಲ್ಲ ಎಂದು ಹೇಳಿ ಸ್ಕೂಟಿ ಹತ್ತಿದಾಗ ನನ್ನ ಹತ್ತಿರ ಒಳ್ಳೆಯ ಮನೋಭಾವ ಯಾವುದೂ ಉಳಿದಿರಲಿಲ್ಲ. ಇದನ್ನು ಮುಚ್ಚಿಟ್ಟು ನಿಮಗೆ ಬೇರೆ ಏನೋ ಹೇಳಲು ನನಗೆ ಇಷ್ಟ ಇಲ್ಲ. ಎಷ್ಟೋ ದಿನ ಸುಮ್ನೆ ಕೂತೇ ಇದ್ದೆ.

ಒಂದು ಸಂಜೆ ಹೆಡ್ ಮೇಷ್ಟ್ರು ಫೋನು ಮಾಡಿದರು. ಅವರಾಗಲೇ ನಿವೃತ್ತರು, ಅದೇ ಊರಲ್ಲಿ ಮನೆ ಮಾಡಿಕೊಂಡಿದ್ದರು. 'ನಿನ್ನ ಸಂತೆ ಇಲ್ಲಿ ನಡೀತಾ ಇದೆ ಕಣಮ್ಮ, ಬಂದು ನೋಡು' ಎಂದರು. ಹೋದೆ. ಏಳನೇ ತರಗತಿಗೆ ಬಂದಿದ್ದ ಒಂದು ಹುಡುಗಿ, ನಮ್ಮ ಶಾಲೆಯಲ್ಲಿ ನಲಿ-ಕಲಿ ಮುಗಿಸಿ ಹೋದವಳು, ತನ್ನ ಮನೆಯ ಜಗಲಿಯ ಮೇಲೆ ಸೀಮೆಸುಣ್ಣದಲ್ಲಿ ಮೂರು ದೊಡ್ಡ ಸುತ್ತು ಹಾಕಿದ್ದಳು. ಒಂದೊಂದರಲ್ಲಿ ಇಬ್ಬಿಬ್ಬರು. ಪಕ್ಕದ ಮನೆ ಮಕ್ಕಳು ಅಷ್ಟೇ. ಕಾರ್ಡು ಇರಲಿಲ್ಲ. ಮದುವೆ ಪತ್ರಿಕೆಗಳನ್ನು ಕತ್ತರಿಸಿ ಹಿಂದೆ ಅಕ್ಷರ ಬರೆದಿದ್ದಳು. ಯಾರಾದರೂ ಹೇಳಿದರಾ ಎಂದು ಕೇಳಿದೆ. ಇಲ್ಲ ಎಂದಳು. 'ನಂಗೂ ಒಬ್ರು ಅಕ್ಕ ಹೇಳ್ಕೊಟ್ಟಿದ್ರು ಮಿಸ್.'

ಸಣ್ಣ ಮಕ್ಕಳ ತರಗತಿ ಮತ್ತೆ ಶುರುವಾದದ್ದು 2021ರ ಅಕ್ಟೋಬರ್ 25ಕ್ಕೆ. ಹತ್ತೊಂಬತ್ತು ತಿಂಗಳಾಗಿತ್ತು. ಎರಡನೇ ತರಗತಿ ಎಂದು ಹಾಜರಿ ಪುಸ್ತಕದಲ್ಲಿ ಇದ್ದ ಮಕ್ಕಳಿಗೆ ಶಾಲೆಯ ಒಳಗೆ ಅದೇ ಮೊದಲ ದಿನ. ಬಾಗಿಲಲ್ಲಿ ನಿಂತು ಅಳುವವರು, ಅಮ್ಮನ ಸೆರಗು ಬಿಡದವರು. ಆ ಜಗಲಿಯ ಮಕ್ಕಳಲ್ಲಿ ಒಬ್ಬ ಹುಡುಗನೂ ಇದ್ದ. ಅವನು ನನ್ನ ಕಡೆ ನೋಡಲೇ ಇಲ್ಲ. ನೆಲದ ಮೇಲೆ ಬರೆದ ಸುತ್ತು ಹುಡುಕಿ ಹೋಗಿ ಕೂತ. ಪಕ್ಕದಲ್ಲಿ ಒಂದು ಹೊಸ ಹುಡುಗಿ ಮೂಗು ಒರೆಸಿಕೊಳ್ಳುತ್ತಾ ಕೂತಿದ್ದಳು. ಅವಳ ಮುಂದಿದ್ದ ಕಾರ್ಡನ್ನು ಇಬ್ಬರಿಗೂ ಕಾಣುವ ಹಾಗೆ ತಿರುಗಿಸಿ ಇಟ್ಟ. ಮೊದಲ ಅಕ್ಷರದ ಮೇಲೆ ಬೆರಳಿಟ್ಟ.

'ಇದು ರ' ಎಂದ. 'ಸುಲಭ ಐತೆ. ಹೇಳು.'